ನಮ್ಮ ಎಪಿಎಂಸಿ ಯಾರ್ಡಿನ ಲೆಕ್ಕ ಮಾಡೋಕೆ ಎಂಐಟಿ ಪ್ರೊಫೆಸರೇ ಬರಬೇಕಾ?

ಮೊದಲೇ ಹೇಳಿಬಿಡ್ತೀನಿ, ಇದು ಸ್ವಲ್ಪ ಜಗಳದ ಬರಹ. ಕೋಪ ಇಳಿದ ಮೇಲೆ ಬರೆಯೋಣ ಅಂತ ಎರಡು ವಾರ ಕಾದೆ. ಇಳಿಯಲಿಲ್ಲ. ಹಾಗಾಗಿ ಈಗಲೇ ಬರೀತಿದೀನಿ.

ರೆತ್ಸೆಫ್ ಲೆವಿ ಅಂತ ಒಬ್ಬ ಪ್ರೊಫೆಸರ್. ಅಮೆರಿಕದ ಎಂಐಟಿಯ ಸ್ಲೋನ್ ಮ್ಯಾನೇಜ್‌ಮೆಂಟ್ ಸ್ಕೂಲಿನಲ್ಲಿ ಆಪರೇಷನ್ಸ್ ಮ್ಯಾನೇಜ್‌ಮೆಂಟ್ ಅವರ ವಿಷಯ. ೨೦೨೦ರಲ್ಲಿ ಅವರೂ, ಅವರ ಜೊತೆ ಸೋಮ್ಯಾ ಸಿಂಘ್ವಿ, ಯಾಂಚೊಂಗ್ ಜೆಂಗ್ ಮತ್ತು ನಮ್ಮ ಸರ್ಕಾರದ ಅಧಿಕಾರಿ ಮನೋಜ್ ರಾಜನ್ ಅವರೂ ಸೇರಿ ಒಂದು ಪ್ರಬಂಧ ಪ್ರಕಟಿಸಿದರು. ಅಚ್ಚಾಗಿದ್ದು ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ. ವಿಷಯ ಏನು ಗೊತ್ತಾ? ಕರ್ನಾಟಕದ ಎಪಿಎಂಸಿ! ಭತ್ತ, ಶೇಂಗಾ, ಮೆಕ್ಕೆಜೋಳ, ತೊಗರಿ. ಚಿಕ್ಕಂದಿನಿಂದ ನಾವು ಮೂಗು ಮುಚ್ಚಿಕೊಂಡು ದಾಟಿ ಹೋಗ್ತಿದ್ದ ಅದೇ ಯಾರ್ಡು, ಅದೇ ಮಂಡಿ, ಅದೇ ದಲ್ಲಾಳಿ, ಅದೇ ಚೀಲದ ರಾಶಿ.

ನಾನು ಉಪ್ಪಾರಹಳ್ಳಿಯವನು. ತುಮಕೂರಿನವರಿಗೆ ಗೊತ್ತು, ಅಲ್ಲಿಂದ ಬಟವಾಡಿ ಎಪಿಎಂಸಿ ಎಷ್ಟು ದೂರ ಅಂತ. ಸೈಕಲ್ಲಲ್ಲಿ ಹೋಗಿ ಬರೋ ದೂರ. ಅಷ್ಟರೊಳಗೆ ಎಷ್ಟು ಎಂಜಿನಿಯರಿಂಗ್ ಕಾಲೇಜು, ಎಷ್ಟು ಎಂಬಿಎ ಕಾಲೇಜು, ಎಷ್ಟು ಪ್ರೊಫೆಸರುಗಳು! ಕೇಂಬ್ರಿಜ್‌ನಿಂದ ಇಲ್ಲಿಗೆ ಎಷ್ಟು ಸಾವಿರ ಮೈಲಿ? ದೂರ ಇದ್ದವರಿಗೆ ಕಂಡಿದ್ದು ಪಕ್ಕದಲ್ಲಿದ್ದವರಿಗೆ ಯಾಕೆ ಕಾಣಲ್ಲ ಅನ್ನೋದೇ ನನ್ನ ಜಗಳ.

ಮೊದಲು ಈ ಆಪರೇಷನ್ಸ್ ಮ್ಯಾನೇಜ್‌ಮೆಂಟ್ ಅಂದ್ರೇನು ಅಂತ ಎರಡು ಮಾತು. ಆಪರೇಷನ್ ಅಂದ ತಕ್ಷಣ ಡಾಕ್ಟರು, ಕತ್ತರಿ ನೆನಪಾಗೋರೇ ಜಾಸ್ತಿ :-) ಅದಲ್ಲ. ಕೆಲಸ ನಡೆಯೋ ಕ್ರಮದ ಶಾಸ್ತ್ರ ಇದು. ಎಷ್ಟು ಸರಕು ತರಿಸಬೇಕು, ಯಾವಾಗ ತರಿಸಬೇಕು, ಸಾಲು ಯಾಕೆ ಬೆಳೆಯುತ್ತೆ, ಯಾವ ಮೆಷಿನ್ನು ಎಲ್ಲಿಡಬೇಕು, ಎಲ್ಲಿ ತಡ ಆಗ್ತಿದೆ. ಸಿದ್ಧಗಂಗಾ ಮಠದಲ್ಲಿ ಸಾವಿರಾರು ಮಕ್ಕಳಿಗೆ ದಿನವೂ ಹೊತ್ತು ಹೊತ್ತಿಗೆ ಸರಿಯಾಗಿ ಊಟ ಬೀಳುತ್ತಲ್ಲ, ಅದರ ಹಿಂದೆ ಇರೋದು ಈ ವಿದ್ಯೆಯೇ. ಯಾರೂ ಅದಕ್ಕೆ ಇಂಗ್ಲಿಷ್ ಹೆಸರು ಇಟ್ಟಿಲ್ಲ, ಅಷ್ಟೇ. ನಮ್ಮ ಉಪ್ಪಾರಹಳ್ಳಿಯಂಥ ಹೆಸರಿನಲ್ಲೂ ಒಂದು ಕಸುಬು ಕೂತಿದೆ. ಉಪ್ಪು ತಯಾರಿಸೋದು, ಮಣ್ಣಿನ ಕೆಲಸ ಮಾಡೋದು ಉಪ್ಪಾರರ ಕುಲಕಸುಬು. ಎಷ್ಟು ಜನ, ಎಷ್ಟು ಮಣ್ಣು, ಮಳೆ ಬರೋದ್ರೊಳಗೆ ಎಷ್ಟು ದಿನ ಅನ್ನೋ ಲೆಕ್ಕ ಇಲ್ಲದೆ ಆ ಕೆಲಸ ಆಗಲ್ಲ.

ಈಗ ಲೆವಿಯವರ ದಾರಿ ನೋಡಿ. ಇಸ್ರೇಲಿನವರು. ಅಲ್ಲಿನ ಸೇನೆಯ ಗುಪ್ತಚರ ವಿಭಾಗದಲ್ಲಿ ಸುಮಾರು ೧೨ ವರ್ಷ ಕೆಲಸ ಮಾಡಿದವರು. ೨೦೦೧ರಲ್ಲಿ ಟೆಲ್ ಅವೀವ್ ವಿಶ್ವವಿದ್ಯಾಲಯದಿಂದ ಗಣಿತದ ಪದವಿ, ೨೦೦೫ರಲ್ಲಿ ಕಾರ್ನೆಲ್‌ನಿಂದ ಆಪರೇಷನ್ಸ್ ರಿಸರ್ಚ್‌ನಲ್ಲಿ ಪಿಎಚ್‌ಡಿ, ಒಂದು ವರ್ಷ ಐಬಿಎಂನ ಸಂಶೋಧನಾ ಕೇಂದ್ರ, ೨೦೦೬ರಿಂದ ಎಂಐಟಿ. ಶುರುವಿನ ಕೆಲಸವೆಲ್ಲ ಶುದ್ಧ ಗಣಿತ. ನಾಳೆ ಎಷ್ಟು ಗಿರಾಕಿ ಬರ್ತಾರೆ ಅಂತ ಗೊತ್ತಿಲ್ಲದಾಗ ಇವತ್ತು ಎಷ್ಟು ಸರಕು ತರಿಸಬೇಕು ಅನ್ನೋ ಪ್ರಶ್ನೆ.

ಇದನ್ನ ಇಡ್ಲಿ ಹೋಟೆಲಿನವರು ದಿನಾ ಎದುರಿಸ್ತಾರೆ. ಹಿಟ್ಟು ಜಾಸ್ತಿ ರುಬ್ಬಿದ್ರೆ ಸಂಜೆಗೆ ಹುಳಿ ಬಂದು ಚೆಲ್ಲಬೇಕು. ಕಮ್ಮಿ ರುಬ್ಬಿದ್ರೆ ಒಂಬತ್ತು ಗಂಟೆಗೇ ಖಾಲಿ, ಗಿರಾಕಿ ಪಕ್ಕದ ಹೋಟೆಲಿಗೆ. ಲೆವಿ ಮತ್ತವರ ಗುರುಗಳು ತೋರಿಸಿದ್ದು ಏನಂದ್ರೆ, ಉಳಿದರೆ ಆಗೋ ನಷ್ಟದ ಅಂದಾಜು ಮತ್ತು ಸಾಲದೇ ಹೋದರೆ ಆಗೋ ನಷ್ಟದ ಅಂದಾಜು ಎರಡೂ ಸರಿಸಮ ಆಗೋ ಹಾಗೆ ತರಿಸುತ್ತಾ ಹೋದರೆ ಸಾಕು, ಬಹಳ ದಿನದ ಲೆಕ್ಕದಲ್ಲಿ ನಿಮ್ಮ ಸರಾಸರಿ ಖರ್ಚು ಅತ್ಯುತ್ತಮ ಉಪಾಯದ ಖರ್ಚಿನ ಎರಡು ಪಟ್ಟು ಮೀರೋದಿಲ್ಲ. ಇದನ್ನ ಸಾಧಿಸಿ ತೋರಿಸಿದ್ರು. ೨೦೦೮ರಲ್ಲಿ ಆ ಕ್ಷೇತ್ರದ ಯುವ ಸಂಶೋಧಕರ ಬಹುಮಾನ ಬಂತು. ಆಮೇಲೆ ಆಸ್ಪತ್ರೆಗಳ ಕಡೆ ತಿರುಗಿದ್ರು. ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯ ವೇಳಾಪಟ್ಟಿ, ಹಾಸಿಗೆಯ ಲೆಕ್ಕ. ಆಮೇಲೆ ಆಹಾರ ಕಲಬೆರಕೆ. ಆಮೇಲೆ ನಮ್ಮ ಎಪಿಎಂಸಿ.

ಗಮನಿಸಿ, ಎಂಐಟಿಯಲ್ಲಿ ಕೂತ ಗಣಿತದ ಮನುಷ್ಯ ಮಂಡಿಗೆ ಇಳಿದಿದ್ದರಿಂದ ಅವರ ಪದವಿ ಏನೂ ಇಳಿಯಲಿಲ್ಲ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಸರಿ, ಅವರು ಕಂಡುಕೊಂಡಿದ್ದೇನು? ೨೦೧೪ರಲ್ಲಿ ಕರ್ನಾಟಕ ಸರ್ಕಾರ ಏಕೀಕೃತ ಮಾರುಕಟ್ಟೆ ವೇದಿಕೆ ಅಂತ ಶುರು ಮಾಡಿತು. ನಡೆಸೋದಕ್ಕೆ ರಾಷ್ಟ್ರೀಯ ಇ-ಮಾರ್ಕೆಟ್ ಸರ್ವಿಸಸ್ ಅನ್ನೋ ಕಂಪನಿ, ಚಿಕ್ಕದಾಗಿ ರೆಮ್ಸ್. ಅದರ ಮುಖ್ಯಸ್ಥರಾಗಿದ್ದವರೇ ಮನೋಜ್ ರಾಜನ್. ಕೇಂದ್ರದ ಇ-ನಾಮ್ ಬಂದಿದ್ದು ಆಮೇಲೆ, ೨೦೧೬ರಲ್ಲಿ. ಅಂದ್ರೆ ದೇಶಕ್ಕಿಂತ ಎರಡು ವರ್ಷ ಮೊದಲೇ ನಾವು ಮಾಡಿದ್ವಿ. (ಈ ಹೆಮ್ಮೆಯನ್ನ ಯಾವ ಎಂಬಿಎ ಕ್ಲಾಸಲ್ಲೂ ನಾನು ಕೇಳಿಲ್ಲ.)

ಪದ್ಧತಿ ಹೀಗೆ. ರೈತ ಮಾಲು ತಂದಾಗ ಅದಕ್ಕೊಂದು ಲಾಟ್ ನಂಬರ್. ಖರೀದಿ ವರ್ತಕರು ಮಾಲು ನೋಡಿಕೊಂಡು ಕಂಪ್ಯೂಟರಲ್ಲೋ ಮೊಬೈಲಲ್ಲೋ ಗುಟ್ಟಾಗಿ ಬೆಲೆ ಹಾಕ್ತಾರೆ. ಹೊತ್ತು ಮುಗಿದ ಮೇಲೆ ಮೇಲಿನ ಬೆಲೆ ಯಾರದ್ದು ಅಂತ ತೆರೆಯುತ್ತೆ. ರೈತ ಒಪ್ಪಿದರೆ ತೂಕ, ಇಲ್ಲದಿದ್ದರೆ ಇಲ್ಲ. ಬೇರೆ ಊರಿನ ವರ್ತಕನೂ ಬೆಲೆ ಹಾಕಬಹುದು ಅನ್ನೋದು ಇದರ ಹಿಂದಿನ ಆಸೆ. ೨೦೧೯ರ ನವೆಂಬರ್ ಹೊತ್ತಿಗೆ ಈ ವೇದಿಕೆಯಲ್ಲಿ ೬ ಕೋಟಿ ೨೮ ಲಕ್ಷ ಟನ್ ಮಾಲು ಮಾರಾಟ ಆಗಿತ್ತು. ಬೆಲೆ ೨,೧೭೦ ಕೋಟಿ ಡಾಲರ್. ರೂಪಾಯಿ ಅಲ್ಲ ಸ್ವಾಮಿ, ಡಾಲರ್.

ಇದರಿಂದ ರೈತನಿಗೆ ಏನು ಸಿಕ್ತು? ರಾಜಕಾರಣಿ ಕೇಳಿದ್ರೆ 'ಕ್ರಾಂತಿ' ಅಂತಾನೆ, ದಲ್ಲಾಳಿ ಕೇಳಿದ್ರೆ 'ಏನೂ ಇಲ್ಲ' ಅಂತಾನೆ. ಲೆವಿ ತಂಡ ಲೆಕ್ಕ ಹಾಕಿತು. ಪದ್ಧತಿ ಬಂದ ಕಡೆ ಬೆಲೆ ಎಷ್ಟು ಬದಲಾಯಿತು, ಬರದೇ ಇದ್ದ ಕಡೆ ಅದೇ ಹೊತ್ತಿಗೆ ಎಷ್ಟು ಬದಲಾಯಿತು, ಎರಡರ ವ್ಯತ್ಯಾಸ ಎಷ್ಟು. ಮಳೆ, ಬರ, ದೇಶದ ಬೆಲೆಯೇರಿಕೆ ಎರಡೂ ಕಡೆ ಇರೋದ್ರಿಂದ ಅದು ಕಳೆದುಹೋಗುತ್ತೆ, ಪದ್ಧತಿಯ ಪರಿಣಾಮ ಉಳಿಯುತ್ತೆ. ಉತ್ತರ: ಭತ್ತದ ಬೆಲೆ ಶೇ ೫.೧, ಶೇಂಗಾ ಶೇ ೩.೬, ಮೆಕ್ಕೆಜೋಳ ಶೇ ೩.೫ ಏರಿತು. ಹತ್ತಿ, ಹೆಸರುಕಾಳು, ತೊಗರಿಯಲ್ಲಿ ಹೇಳಿಕೊಳ್ಳೋ ಪರಿಣಾಮ ಏನೂ ಕಾಣಲಿಲ್ಲ. ಅದನ್ನೂ ಹಾಗೇ ಬರೆದಿದ್ದಾರೆ, ಮುಚ್ಚಿಟ್ಟಿಲ್ಲ.

'ಬರೀ ಐದು ಪರ್ಸೆಂಟಾ?' ಅಂತ ಮೂಗು ಮುರಿಯೋರಿಗೆ ಒಂದು ಸಣ್ಣ ಲೆಕ್ಕ. ಇದು ನನ್ನ ಉದಾಹರಣೆ. ಒಂದು ಕ್ವಿಂಟಾಲ್ ಭತ್ತ ೧,೮೦೦ ರೂಪಾಯಿಗೆ ಹೋಗುತ್ತೆ ಅಂದುಕೊಳ್ಳಿ. ಬೀಜ, ಗೊಬ್ಬರ, ಕೂಲಿ, ಟ್ರ್ಯಾಕ್ಟರ್ ಬಾಡಿಗೆ ಎಲ್ಲ ಸೇರಿ ಖರ್ಚು ೧,೭೦೦. ಕೈಯಲ್ಲಿ ಉಳಿಯೋದು ೧೦೦. ಈಗ ಬೆಲೆ ಶೇ ೫.೧ ಏರಿದ್ರೆ ೯೨ ರೂಪಾಯಿ ಹೆಚ್ಚು. ಖರ್ಚು ಅಷ್ಟೇ ಇದೆ. ಉಳಿಯೋದು ೧೯೨. ಬೆಲೆ ಐದು ಪರ್ಸೆಂಟ್ ಏರಿದ್ದಕ್ಕೆ ಲಾಭ ಹೆಚ್ಚೂಕಮ್ಮಿ ಎರಡು ಪಟ್ಟು. ಪ್ರಬಂಧದ ಪ್ರಕಾರ ಆ ಮೂರು ಬೆಳೆಗಳಲ್ಲಿ ಲಾಭದ ಏರಿಕೆ ಶೇ ೩೬ರಿಂದ ೧೫೯ರವರೆಗೆ. ನಮಗೆ ಅಪ್ರೈಸಲ್ಲಿನಲ್ಲಿ ಐದು ಪರ್ಸೆಂಟ್ ಕೊಟ್ರೆ ಅಳ್ತೀವಿ, ಯಾಕಂದ್ರೆ ನಮ್ಮದು ಸಂಬಳ. ರೈತನದ್ದು ಖರ್ಚು ಕಳೆದು ಉಳಿದಿದ್ದು. ಆ ಎರಡು ಐದು ಪರ್ಸೆಂಟ್ ಬೇರೆ ಬೇರೆ.

ಅಲ್ಲಿಗೇ ಬಿಡಲಿಲ್ಲ. ಕೆಲವು ಮಾಲಿಗೆ ಬೆಲೆ ಯಾಕೆ ಏರಲಿಲ್ಲ ಅಂತ ಕೆದಕಿದರು. ವರ್ತಕರ ಜೊತೆ ಕೂತು ಮಾತಾಡಿದರು, ಬೆಲೆ ಹೇಗೆ ಹಾಕ್ತೀರಿ ಅಂತ ಕೇಳಿದರು. ಆಮೇಲೆ ಒಂದು ಹೊಸ ಪದ್ಧತಿ ತಂದರು, ಎರಡು ಸುತ್ತಿನ ಹರಾಜು. ಮೊದಲ ಸುತ್ತಿನಲ್ಲಿ ಎಲ್ಲರೂ ಎಂದಿನಂತೆ ಗುಟ್ಟಾಗಿ ಬೆಲೆ ಹಾಕ್ತಾರೆ. ಎರಡನೇ ಸುತ್ತಿಗೆ ಮೇಲಿನ ಬೆಲೆ ಹಾಕಿದ ಕೆಲವರಿಗೆ ಮಾತ್ರ ಕರೆ, ಬೇಕಾದರೆ ಏರಿಸಿ ಅಂತ. ಅಷ್ಟೇ. ಹೊಸ ಕಟ್ಟಡ ಬೇಡ, ಸಬ್ಸಿಡಿ ಬೇಡ. ಸಾಫ್ಟ್‌ವೇರಿನಲ್ಲಿ ಒಂದು ಬದಲಾವಣೆ. ನಾನು ಇದೇ ಕೆಲಸದಲ್ಲಿರೋದ್ರಿಂದ ಹೇಳ್ತೀನಿ, ಇಂಥ ಬದಲಾವಣೆಗೆ ಕೋಡು ಬರೆಯೋದು ಚಿಲ್ಲರೆ ಕೆಲಸ. ಏನು ಬರೀಬೇಕು ಅಂತ ತಿಳಿಯೋದೇ ದೊಡ್ಡ ಕೆಲಸ. ರಾಜ್ಯದ ಒಂದು ದೊಡ್ಡ ಬೇಳೆಕಾಳು ಮಾರುಕಟ್ಟೆಯಲ್ಲಿ ಇದು ಜಾರಿಗೆ ಬಂತು. ಸರಾಸರಿ ಬೆಲೆ ಶೇ ೪.೭ ಏರಿತು. ಆ ಮಾರುಕಟ್ಟೆಗೆ ಮಾಲು ತಂದ ೧೦,೦೦೦ಕ್ಕೂ ಹೆಚ್ಚು ರೈತರಿಗೆ ಇದರ ಫಲ ಸಿಕ್ತು.

ಈಗ ನನ್ನ ಕೋಪಕ್ಕೆ ಬರ್ತೀನಿ.

ಇದನ್ನ ಗೆಳೆಯರಿಗೆ ಹೇಳಿದಾಗ ಎರಡು ಥರದ ಉತ್ತರ ಬಂತು. ಒಬ್ಬ ಅಂದ, "ನೋಡು, ಫಾರಿನ್ನೋರು ನಮ್ಮ ಡೇಟಾ ತಗೊಂಡು ಹೆಸರು ಮಾಡ್ಕೊಂಡ್ರು." ಇನ್ನೊಬ್ಬ ಅಂದ, "ನಮ್ಮೋರ ಹಣೆಬರಹವೇ ಇಷ್ಟು, ಬಿಡು." ಎರಡೂ ಮಾತು ನನಗೆ ಹಿಡಿಸಲಿಲ್ಲ.

ಮೊದಲನೆಯದು ಸುಳ್ಳು. ಕದ್ದಿಲ್ಲ. ನಮ್ಮದೇ ಅಧಿಕಾರಿ ಜೊತೆಗೆ ನಿಂತು, ಜೊತೆಗೆ ಬರೆದಿದ್ದಾರೆ. ರೈತನಿಗೆ ಬೆಲೆ ಏರಿದೆ. ಇಂಥ ಕಳ್ಳತನ ದಿನಾ ಆಗಲಿ ಅಂತೀನಿ! ಎರಡನೆಯದು ಸೋಮಾರಿತನ. ನಮ್ಮೋರಿಗೆ ಬುದ್ಧಿ ಇಲ್ಲ ಅನ್ನೋದು ಖಂಡಿತ ನಿಜ ಅಲ್ಲ. ಹಾಗಾದ್ರೆ ತಡೆ ಎಲ್ಲಿದೆ?

ತಡೆ ಇರೋದು ಏಣಿಯಲ್ಲಿ. ಪ್ರೊಫೆಸರ್ ಆಗೋ ಏಣಿ. ೨೦೧೦ರಲ್ಲಿ ಯುಜಿಸಿ ಎಪಿಐ ಅಂತ ಅಂಕದ ಪದ್ಧತಿ ತಂತು. ಪ್ರಬಂಧಕ್ಕೆ ಇಷ್ಟು ಅಂಕ, ಸೆಮಿನಾರಿಗೆ ಇಷ್ಟು ಅಂಕ. ೨೦೧೬ರಿಂದ ಎನ್‌ಐಆರ್‌ಎಫ್ ಅಂತ ಕಾಲೇಜುಗಳಿಗೇ ರ್‍ಯಾಂಕು, ಅದರಲ್ಲೂ ಪ್ರಬಂಧಗಳ ಎಣಿಕೆ. ಒಳ್ಳೆಯ ಪತ್ರಿಕೆ ಯಾವುದು ಅಂತ ಹೇಳೋಕೆ ಯುಜಿಸಿ ಕೇರ್ ಅಂತ ಒಂದು ಪಟ್ಟಿ ಮಾಡಿತು, ೨೦೨೫ರ ಫೆಬ್ರವರಿಯಲ್ಲಿ ಅದನ್ನೂ ಕೈಬಿಟ್ಟಿತು. ದೊಡ್ಡ ಸಂಸ್ಥೆಗಳು ನೋಡೋದು ಲಂಡನ್ನಿನ ಫೈನಾನ್ಷಿಯಲ್ ಟೈಮ್ಸ್ ಪತ್ರಿಕೆ ಮಾಡಿದ ೫೦ ಜರ್ನಲ್‌ಗಳ ಪಟ್ಟಿ. ಇಷ್ಟೆಲ್ಲ ಪಟ್ಟಿಗಳಲ್ಲಿ ಯಾವುದೂ ಕೇಳದ ಪ್ರಶ್ನೆ ಒಂದೇ: ನೀವು ಓದಿದ್ದರಿಂದ ಯಾರ ಕಾಯುವ ಹೊತ್ತು ಕಮ್ಮಿ ಆಯಿತು? ಯಾರ ಕೈಗೆ ನಾಲ್ಕು ಕಾಸು ಹೆಚ್ಚು ಬಂತು?

ನಾನೇ ನೋಡಿದ್ದು ಹೇಳ್ತೀನಿ. ಎಂಜಿನಿಯರಿಂಗ್ ಕೊನೇ ವರ್ಷ. ನಾವು ಮೂವರು ಒಂದು ಪ್ರಾಜೆಕ್ಟ್ ಯೋಚಿಸಿದ್ವಿ. ಮಾಲಿನ ಗಾಡಿ ಮಾರುಕಟ್ಟೆ ಗೇಟಿಗೆ ಬಂದಾಗಿನಿಂದ ತೂಕ ಮುಗಿಯೋವರೆಗೆ ಎಷ್ಟು ಹೊತ್ತು ಹಿಡಿಯುತ್ತೆ, ಎಲ್ಲಿ ನಿಲ್ಲುತ್ತೆ ಅಂತ ವಾಚು ಹಿಡಿದು ಬರೆಯೋದು. ಗೈಡ್ ಹೇಳಿದ್ದು ಒಂದೇ ಮಾತು: "ಇದು ತುಂಬಾ ಲೋಕಲ್ ಆಯ್ತು ಕಣ್ರಪ್ಪಾ, ಪೇಪರ್ ಆಗಲ್ಲ. ಬೇರೆ ಏನಾದ್ರೂ ನೋಡಿ." ಕೊನೆಗೆ ನಾವು ಮಾಡಿದ್ದು ಯಾವುದೋ ದೇಶದ ಯಾವುದೋ ಕಾರು ಫ್ಯಾಕ್ಟರಿಯ ರೆಡಿಮೇಡ್ ಡೇಟಾ ಇಟ್ಟುಕೊಂಡು ಒಂದು ಸಿಮ್ಯುಲೇಷನ್. ಬೈಂಡ್ ಮಾಡಿಸಿ, ಬಂಗಾರದ ಅಕ್ಷರದಲ್ಲಿ ಹೆಸರು ಹಾಕಿಸಿ ಲೈಬ್ರರಿಗೆ ಕೊಟ್ವಿ. ಆ ಪುಸ್ತಕವನ್ನ ನಮ್ಮನ್ನ ಬಿಟ್ಟರೆ ಓದಿದವರು ಇಲಿಗಳೇ ಇರಬೇಕು.

ಆ ಗೈಡ್ ಮೇಲೆ ನನಗೆ ಈಗ ಸಿಟ್ಟಿಲ್ಲ. ಅವರ ಸ್ಥಿತಿ ನೋಡಿ. ಯುಜಿಸಿ ನಿಯಮದ ಪ್ರಕಾರ ಸಹಾಯಕ ಪ್ರಾಧ್ಯಾಪಕರು ವಾರಕ್ಕೆ ೧೬ ಗಂಟೆ ಪಾಠ ಮಾಡಬೇಕು. ಅದರ ಮೇಲೆ ಲ್ಯಾಬು, ಇಂಟರ್ನಲ್ಸು, ಮಾನ್ಯತೆ ತಂಡ ಬಂದಾಗ ಫೈಲು ಕಟ್ಟೋದು, ಎಷ್ಟೋ ಕಡೆ ಅಡ್ಮಿಷನ್ ಡ್ಯೂಟಿ. ಇದರ ಮಧ್ಯೆ ವರ್ಷಕ್ಕೆ ಇಷ್ಟು ಪ್ರಬಂಧ ಅಂದ್ರೆ ಯಾರು ತಾನೇ ಮಂಡಿಗೆ ಹೋಗಿ ಹಮಾಲರ ಜೊತೆ ನಿಲ್ತಾರೆ? ಎಸಿ ರೂಮಲ್ಲಿ ರೆಡಿ ಡೇಟಾ ಸಿಗುತ್ತೆ, ಆರು ತಿಂಗಳಲ್ಲಿ ಪೇಪರ್ ಆಗುತ್ತೆ. ಮಂಡಿಯಲ್ಲಿ ಎರಡು ವರ್ಷ ಬೇಕು, ಆಮೇಲೂ ಆಗುತ್ತೋ ಇಲ್ಲವೋ. ಕಾಲೇಜುಗಳ ವೆಬ್‌ಸೈಟಿನಲ್ಲಿ ಪ್ರೊಫೆಸರ್ ಹೆಸರಿನ ಕೆಳಗೆ 'ರಿಸರ್ಚ್ ಇಂಟರೆಸ್ಟ್' ಅಂತ ಇರುತ್ತಲ್ಲ, ಇಂಟರೆಸ್ಟ್ ಅಂದ್ರೆ ಆಸಕ್ತಿಯೂ ಹೌದು, ಬಡ್ಡಿಯೂ ಹೌದು. ಬಡ್ಡಿ ಎಲ್ಲಿ ಹುಟ್ಟುತ್ತೋ ಆಸಕ್ತಿ ಅಲ್ಲಿಗೆ ಹೋಗುತ್ತೆ. ಮನುಷ್ಯರನ್ನ ಬೈದು ಪ್ರಯೋಜನ ಇಲ್ಲ, ಬಡ್ಡಿ ದರ ಬದಲಾಯಿಸಬೇಕು.

'ಲೋಕಲ್ ಅಂದ್ರೆ ಸಣ್ಣದು' ಅನ್ನೋ ನಂಬಿಕೆ ಎಷ್ಟು ಪೊಳ್ಳು ಅಂತ ಲೆವಿಯವರ ಪ್ರಬಂಧವೇ ಹೇಳುತ್ತೆ. ಕರ್ನಾಟಕದ ಮೆಕ್ಕೆಜೋಳಕ್ಕಿಂತ ಲೋಕಲ್ ಇನ್ನೇನಿದೆ? ಅದು ಜಗತ್ತಿನ ಅತಿ ದೊಡ್ಡ ಪತ್ರಿಕೆಗಳಲ್ಲೊಂದರಲ್ಲಿ ಅಚ್ಚಾಯಿತು. ಅಂದ್ರೆ ಪೇಪರ್ ಆಗಲ್ಲ ಅನ್ನೋದು ಸುಳ್ಳು. ನಮ್ಮ ವಿಳಾಸದಿಂದ ಹೋದರೆ 'ಲೋಕಲ್', ಕೇಂಬ್ರಿಜ್ ವಿಳಾಸದಿಂದ ಹೋದರೆ 'ಫೀಲ್ಡ್ ಸ್ಟಡಿ' ಅಂತ ನಾವೇ ನಂಬಿಕೊಂಡು ಕೂತಿದೀವಿ. ಮಧುರೈನ ಅರವಿಂದ ಕಣ್ಣಾಸ್ಪತ್ರೆಯ ಕಥೆ ೧೯೯೩ರಲ್ಲಿ ಹಾರ್ವರ್ಡ್‌ನಲ್ಲಿ ಪಾಠವಾಯಿತು. ಬೆಂಗಳೂರಿನ ನಾರಾಯಣ ಹೃದಯಾಲಯದ್ದು ೨೦೦೫ರಲ್ಲಿ, ಮುಂಬೈ ಡಬ್ಬಾವಾಲಾಗಳದ್ದು ೨೦೧೦ರಲ್ಲಿ. ಕೆಲಸ ನಮ್ಮದು, ಪಾಠ ಅವರದ್ದು. ಆಮೇಲೆ ಅದೇ ಪಾಠವನ್ನ ನಾವು ದುಡ್ಡು ಕೊಟ್ಟು ತರಿಸಿ ಓದ್ತೀವಿ.

ನಮ್ಮಲ್ಲಿ ಯಾರೂ ಮಾಡಿಲ್ಲವಾ? ಮಾಡಿದ್ದಾರೆ. ಜಿ. ರಘುರಾಮ್ ಅವರನ್ನೇ ತಗೊಳ್ಳಿ. ಬಹುಕಾಲ ಅಹಮದಾಬಾದ್ ಐಐಎಂನಲ್ಲಿ ಪ್ರೊಫೆಸರ್, ೨೦೧೭ರಿಂದ ೨೦೨೦ರವರೆಗೆ ಬೆಂಗಳೂರು ಐಐಎಂ ನಿರ್ದೇಶಕರು. ಪಿಎಚ್‌ಡಿ ಅಮೆರಿಕದ ನಾರ್ತ್‌ವೆಸ್ಟರ್ನ್‌ನಲ್ಲಿ. ಆದರೆ ಬದುಕಿಡೀ ಹಿಡಿದಿದ್ದು ಭಾರತೀಯ ರೈಲು, ಬಂದರು, ಸರಕು ಸಾಗಣೆ. ಲಾಲೂ ಪ್ರಸಾದ್ ರೈಲ್ವೆಯನ್ನ ಲಾಭಕ್ಕೆ ತಂದರು ಅಂತ ದೇಶವೆಲ್ಲ ಹೊಗಳ್ತಿದ್ದಾಗ, ೨೦೦೭ರಲ್ಲಿ ಅವರು ಆ ತಿರುವನ್ನ ಬಿಡಿಸಿ ನೋಡಿದ ಪ್ರಬಂಧ ಬರೆದರು. ಆ ವರ್ಷಗಳಲ್ಲಿ ವ್ಯಾಗನ್ನಿಗೆ ತುಂಬೋ ತೂಕ ಹೆಚ್ಚಿಸಿದ್ದರು, ಖಾಲಿಯಾದ ವ್ಯಾಗನ್ ಬೇಗ ತಿರುಗಿ ಬರೋ ಹಾಗೆ ಮಾಡಿದ್ದರು. ಹೊಸ ವ್ಯಾಗನ್ ಕೊಳ್ಳದೆ ಹೆಚ್ಚು ಸರಕು ಸಾಗಿಸೋ ದಾರಿ ಇದು. ಉಪ್ಪಾರಹಳ್ಳಿಯಲ್ಲಿ ಬೆಳೆದವನಿಗೆ ಗೂಡ್ಸ್ ರೈಲು ಅಂದ್ರೆ ಬೋಗಿ ಎಣಿಸೋ ಆಟ. ಅದೇ ಗೂಡ್ಸ್ ರೈಲನ್ನ ಜೀವನದ ಅಧ್ಯಯನ ಮಾಡಿಕೊಂಡೂ ಐಐಎಂ ನಿರ್ದೇಶಕರಾಗಬಹುದು ಅಂತ ಅವರು ತೋರಿಸಿದ್ದಾರೆ. ತೊಂದರೆ ಏನಂದ್ರೆ, ಐಐಎಂನಲ್ಲಿ ಕೂತವರಿಗೆ ಆ ಸ್ವಾತಂತ್ರ್ಯ ಇದೆ. ಜಿಲ್ಲಾ ಕೇಂದ್ರದ ಕಾಲೇಜಿನ ಲೆಕ್ಚರರಿಗೆ ಇಲ್ಲ. ಆದರೆ ಮಂಡಿ ಇರೋದು ಜಿಲ್ಲಾ ಕೇಂದ್ರದಲ್ಲಿ!

ಮಾಡೋಕೆ ಕೆಲಸ ಇಲ್ಲವಾ ಅಂತ ಕೇಳ್ತೀರಾ? ೨೦೨೪ರ ಆರಂಭ ನೆನಪಿಸಿಕೊಳ್ಳಿ. ಕೊಬ್ಬರಿ ಬೆಲೆ ಬಿದ್ದುಹೋಗಿತ್ತು. ನಾಫೆಡ್ ಮೂಲಕ ಬೆಂಬಲ ಬೆಲೆಗೆ ಖರೀದಿ ಅಂತ ಘೋಷಣೆ ಆಯಿತು, ಉಂಡೆ ಕೊಬ್ಬರಿಗೆ ಕ್ವಿಂಟಾಲಿಗೆ ೧೨,೦೦೦ ರೂಪಾಯಿ. ಖರೀದಿಗೆ ಮಿತಿ ಇತ್ತು, ಮೊದಲು ಬಂದವರಿಗೆ ಮೊದಲು. ತಿಪಟೂರು ಕಡೆಯ ರೈತರು ನೋಂದಣಿ ಕೇಂದ್ರದ ಮುಂದೆ ಸಾಲುಗಟ್ಟಿದರು. ಆಮೇಲೆ ಅಕ್ರಮದ ದೂರು, ಆಗಿದ್ದ ನೋಂದಣಿ ರದ್ದು, ಮತ್ತೆ ಹೊಸದಾಗಿ ನೋಂದಣಿ, ಮತ್ತೆ ಸಾಲು.

ಇದು ಆಪರೇಷನ್ಸ್ ಪುಸ್ತಕದ ಮೊದಲ ಪಾಠ. ಎಂಐಟಿಯವರೇ ಆದ ಜಾನ್ ಲಿಟಲ್ ೧೯೬೧ರಲ್ಲಿ ಒಂದು ಸರಳ ಸೂತ್ರವನ್ನ ಸಾಧಿಸಿ ತೋರಿಸಿದರು. ಸಾಲಿನಲ್ಲಿ ಇರೋ ಜನ ಎಷ್ಟೋ ಅದು ಗಂಟೆಗೆ ಬರೋ ಜನ ಮತ್ತು ಒಬ್ಬರು ಕಾಯೋ ಹೊತ್ತು ಇವೆರಡರ ಗುಣಲಬ್ಧ. ಗಂಟೆಗೆ ೨೦ ಜನ ಬಂದು ೨೦ ಜನ ಕೆಲಸ ಮುಗಿಸಿ ಹೋಗ್ತಾ, ಸಾಲಿನಲ್ಲಿ ಯಾವಾಗಲೂ ೪೦೦ ಜನ ಇದ್ದರೆ, ಒಬ್ಬೊಬ್ಬರೂ ಸರಾಸರಿ ೨೦ ಗಂಟೆ ಕಾಯಬೇಕು. ಪೊಲೀಸರನ್ನ ನಿಲ್ಲಿಸಿದ್ರೂ ಅಷ್ಟೇ, ಶಾಮಿಯಾನ ಹಾಕಿದ್ರೂ ಅಷ್ಟೇ. ಮಿತಿ ಇಟ್ಟು 'ಮೊದಲು ಬಂದವರಿಗೆ' ಅಂದ ಕೂಡಲೇ ಸಾಲು ಹುಟ್ಟಲೇಬೇಕು. ಸಾಲು ಇದ್ದ ಕಡೆ ಸಾಲು ತಪ್ಪಿಸೋ ದಾರಿಗೂ ಬೆಲೆ ಹುಟ್ಟುತ್ತೆ. ಅದರ ಬದಲು ಹದಿನೈದು ದಿನ ಯಾರು ಯಾವಾಗ ಬೇಕಾದರೂ ನೋಂದಾಯಿಸಿ ಅಂತ ಬಿಟ್ಟು, ಕೊನೆಗೆ ಒಟ್ಟು ಎಷ್ಟು ಬಂತೋ ಅದಕ್ಕೆ ತಕ್ಕಂತೆ ಎಲ್ಲರಿಗೂ ಪಾಲು ಹಾಕಿದ್ರೆ? ರೈತರ ಜಮೀನಿನ ವಿವರ ಫ್ರೂಟ್ಸ್ ತಂತ್ರಾಂಶದಲ್ಲಿ ಇದೆ. ರಾತ್ರಿ ಸಾಲಲ್ಲಿ ಮಲಗೋ ಕಾರಣವೇ ಇರಲ್ಲ. ಇದರಲ್ಲೂ ತೊಡಕು ಇರಬಹುದು, ಸುಮ್ಮನೆ ಹೆಚ್ಚು ಬರೆಸೋರು ಇರ್ತಾರೆ. ಆ ತೊಡಕು ಬಿಡಿಸೋದೇ ಸಂಶೋಧನೆ. ಒಬ್ಬ ಪ್ರೊಫೆಸರ್ ಇದನ್ನ ಹಿಡಿದು ಕೂತರೆ ಒಂದು ಪಿಎಚ್‌ಡಿ ಆಗುತ್ತೆ, ತಿಪಟೂರಿನ ಮುದುಕರೊಬ್ಬರು ಚಳಿಯಲ್ಲಿ ಮಲಗೋದು ತಪ್ಪುತ್ತೆ.

ಇಲ್ಲಿ ಒಂದು ಮಾತು ನಾನೇ ಎತ್ತಬೇಕು, ಇಲ್ಲದಿದ್ದರೆ ನೀವು ಹುಡುಕಿ ತಂದು ಕಾಮೆಂಟಲ್ಲಿ ಹಾಕ್ತೀರಿ. ಇದೇ ಲೆವಿ ಕೊರೋನಾ ಲಸಿಕೆಯ ವಿಷಯದಲ್ಲಿ ದೊಡ್ಡ ವಿವಾದದಲ್ಲಿದ್ದಾರೆ. ಎಂಆರ್‌ಎನ್‌ಎ ಲಸಿಕೆ ನಿಲ್ಲಿಸಿ ಅಂತ ೨೦೨೩ರಲ್ಲಿ ಹೇಳಿದರು, ವೈದ್ಯ ವಿಜ್ಞಾನಿಗಳಲ್ಲಿ ಬಹುಪಾಲು ಜನ ಅದನ್ನ ಒಪ್ಪಲಿಲ್ಲ. ೨೦೨೫ರ ಜೂನ್‌ನಲ್ಲಿ ಅಮೆರಿಕದ ಆರೋಗ್ಯ ಸಚಿವ ಕೆನಡಿ ಹಳೇ ಲಸಿಕಾ ಸಲಹಾ ಸಮಿತಿಯನ್ನ ಪೂರ್ತಿ ತೆಗೆದುಹಾಕಿ ಹೊಸಬರನ್ನ ತಂದಾಗ ಅದರಲ್ಲಿ ಲೆವಿಯೂ ಇದ್ದರು. ನನ್ನ ಮಟ್ಟಿಗೆ ಅದು ಅವರ ಕ್ಷೇತ್ರ ಅಲ್ಲ, ಅಲ್ಲಿ ಅವರ ಮಾತಿಗೆ ಮಂಡಿಯ ಲೆಕ್ಕದಷ್ಟು ತೂಕ ನಾನು ಕೊಡಲ್ಲ. ಆದರೆ ಅದಕ್ಕಾಗಿ ಶೇ ೪.೭ ಸುಳ್ಳಾಗಲ್ಲ. ಆ ಅಂಕಿ ನಿಂತಿರೋದು ಮಾರುಕಟ್ಟೆಯ ದಾಖಲೆ ಮೇಲೆ, ಅವರ ವ್ಯಕ್ತಿತ್ವದ ಮೇಲಲ್ಲ. ನಾನು ಯಾರಿಗೂ ಹಾರ ಹಾಕೋಕೆ ಹೊರಟಿಲ್ಲ. ಒಬ್ಬ ಮನುಷ್ಯನ ವೃತ್ತಿಯಲ್ಲಿ ಯಾವ ಕೆಲಸ ನಮಗೆ ಬೇಕೋ ಅದನ್ನ ನೋಡಿ ಅಂತಿದೀನಿ. ಇನ್ನೂ ಒಂದು ಕಾರಣಕ್ಕೆ ಇದು ಮುಖ್ಯ. ದೂರದ ಪ್ರೊಫೆಸರಿಗೆ ಎಪಿಎಂಸಿ ಹಲವು ಆಸಕ್ತಿಗಳಲ್ಲಿ ಒಂದು. ಇವತ್ತು ಮಂಡಿ, ನಾಳೆ ಇನ್ನೇನೋ. ಪ್ರಬಂಧ ಅಚ್ಚಾದ ಮೇಲೂ ದಿನಾ ಗಾಡಿ ಬರ್ತಾನೇ ಇರುತ್ತೆ, ಬೆಲೆ ಬೀಳ್ತಾನೇ ಇರುತ್ತೆ. ಅದನ್ನ ವರ್ಷಾನುಗಟ್ಟಲೆ ನೋಡ್ತಾ ಇರೋಕೆ ಊರಲ್ಲಿ ಇರೋರೇ ಬೇಕು.

ಕನ್ನಡದ ವಿಷಯ ಬೇರೆ. ನಾನು ಲೆವಿ ತಂಡದ ಪ್ರಬಂಧ ಓದಿದ್ದು ಇಂಗ್ಲಿಷಿನಲ್ಲಿ, ಎರಡು ಸಲ ಓದಿದ ಮೇಲೆ ಅರ್ಥ ಆಯ್ತು. ಯಾರ ಚೀಲದ ಲೆಕ್ಕ ಅದರಲ್ಲಿದೆಯೋ ಆ ರೈತ ಏನು ಮಾಡಬೇಕು? ಅವನಿಗೆ ಎರಡು ಸುತ್ತಿನ ಹರಾಜಿನ ವಿಷಯ ಗೊತ್ತಾದರೆ 'ನಮ್ಮ ಮಾರುಕಟ್ಟೆಗೂ ತನ್ನಿ' ಅಂತ ಕೇಳ್ತಾನೆ. ಗೊತ್ತಿಲ್ಲದಿದ್ದರೆ ಕೇಳೋದು ಹೇಗೆ? ವಿದ್ಯೆ ಇಂಗ್ಲಿಷಲ್ಲಿ ಹುಟ್ಟಲಿ, ತೊಂದರೆ ಇಲ್ಲ. ಎರಡು ಪುಟ ಕನ್ನಡದಲ್ಲಿ ಬರೆದು ಯಾರ್ಡಿನ ಗೋಡೆಗೆ ಅಂಟಿಸೋಕೆ ಏನು ಕಷ್ಟ?

ಹಾಗಾಗಿ ನನ್ನ ಬೇಡಿಕೆ ಇಷ್ಟು. ಸರ್ಕಾರದ ದಾಖಲೆ ಬಳಸಿ ಮಾಡಿದ ಯಾವುದೇ ಸಂಶೋಧನೆಗೆ ಎರಡು ಪುಟದ ಕನ್ನಡ ಸಾರಾಂಶ ಕಡ್ಡಾಯ ಆಗಲಿ, ಎಂಐಟಿಯವರಾದರೂ ಸರಿ, ಮೈಸೂರಿನವರಾದರೂ ಸರಿ. ರೈತರ ಹೆಸರು, ನಂಬರ್ ತೆಗೆದು ಲಾಟಿನ ದಾಖಲೆಯನ್ನ ನಮ್ಮ ಕಾಲೇಜುಗಳಿಗೂ ಕೊಡಲಿ. ದೊಡ್ಡ ಅಧಿಕಾರಿ ಸಹಲೇಖಕರಾಗದಿದ್ದರೂ ಬಾಗಿಲು ತೆರೆಯೋ ಹಾಗಿರಲಿ. ಎಂಬಿಎ, ಇಂಡಸ್ಟ್ರಿಯಲ್ ಎಂಜಿನಿಯರಿಂಗ್ ಹುಡುಗರ ಒಂದು ಪ್ರಾಜೆಕ್ಟಾದರೂ ಕಾಲೇಜಿನಿಂದ ಇಪ್ಪತ್ತು ಕಿಲೋಮೀಟರ್ ಒಳಗಿನ ಯಾವುದಾದರೂ ಸಾಲಿನ ಬಗ್ಗೆ ಇರಲಿ. ಮಂಡಿ ಇರಬಹುದು, ರಾಗಿ ಖರೀದಿ ಕೇಂದ್ರ ಇರಬಹುದು, ಜಿಲ್ಲಾ ಆಸ್ಪತ್ರೆಯ ಒಪಿಡಿ ಇರಬಹುದು. ಮತ್ತೆ, ಆ ಅಧ್ಯಯನದಿಂದ ಸಾಲು ನಿಜವಾಗಿ ಸಣ್ಣದಾದರೆ ಆ ಲೆಕ್ಚರರಿಗೆ ಬಡ್ತಿಯ ಲೆಕ್ಕದಲ್ಲಿ ಒಂದು ಒಳ್ಳೇ ಪ್ರಬಂಧದಷ್ಟು ಅಂಕ ಸಿಗಲಿ.

'ಇದೆಲ್ಲ ಸರ್ಕಾರ ಕೇಳಬೇಕಲ್ಲ' ಅಂತೀರಿ. ಸರಿ, ಅಲ್ಲಿವರೆಗೆ ನಾವೇನು ಮಾಡೋಣ? ಕೃಷಿ ಮಾರಾಟ ವಾಹಿನಿ ಅಂತ ರಾಜ್ಯ ಸರ್ಕಾರದ್ದೇ ಜಾಲತಾಣ ಇದೆ. ಮಾರುಕಟ್ಟೆವಾರು ಆವಕ, ಕನಿಷ್ಠ ಬೆಲೆ, ಗರಿಷ್ಠ ಬೆಲೆ ಎಲ್ಲ ಅಲ್ಲಿ ಪ್ರಕಟ ಆಗ್ತಾ ಬಂದಿದೆ. ಕನ್ನಡದಲ್ಲಿ ಬ್ಲಾಗ್ ಬರೆಯೋರಲ್ಲಿ ಅರ್ಧಕ್ಕರ್ಧ ಜನ ಸಾಫ್ಟ್‌ವೇರಿನವರೇ. ಕ್ಲೈಂಟಿಗೆ ದಿನಾ ಗ್ರಾಫ್ ಮಾಡಿಕೊಡ್ತೀವಿ, ನಮ್ಮ ತಾಲ್ಲೂಕಿನ ಒಂದು ಬೆಳೆಯ ಹತ್ತು ವರ್ಷದ ಬೆಲೆಗೆ ಒಂದು ಗ್ರಾಫ್ ಮಾಡೋಕಾಗಲ್ವಾ? ನಾನು ತುಮಕೂರಿನ ರಾಗಿ ಎತ್ತಿಕೊಂಡಿದೀನಿ. ಕುಣಿಗಲ್‌ನವರು, ಗುಬ್ಬಿಯವರು ಯಾರಾದ್ರೂ ಇದ್ರೆ ಒಂದೊಂದು ಬೆಳೆ ಹಿಡೀರಿ. ತಿಪಟೂರಿನವರು ಕೊಬ್ಬರಿ ಬಿಟ್ಟು ಬೇರೆ ಏನೂ ಕೇಳಬೇಡಿ, ಅದು ನಿಮ್ಮದೇ :-)

ಪ್ರೊಫೆಸರುಗಳು ಯಾರಾದ್ರೂ ಇದನ್ನ ಓದ್ತಿದ್ರೆ, ಬೈಯೋದಿದ್ರೆ ಧಾರಾಳವಾಗಿ ಬೈಯಿರಿ. ಆದ್ರೆ ಬೈಯೋ ಮುಂಚೆ ನಿಮ್ಮ ಕಾಲೇಜಿಗೆ ಹತ್ತಿರದ ಎಪಿಎಂಸಿಗೆ ಕೊನೇ ಸಲ ಯಾವಾಗ ಹೋಗಿದ್ರಿ ಅಂತ ಒಂದು ಸಾಲು ಬರೆದು ಹಾಕಿ. ತರಕಾರಿ ತರೋಕೆ ಹೋಗಿದ್ದು ಲೆಕ್ಕಕ್ಕಿಲ್ಲ.